ಹಳೆಯ ಕ್ಯಾಮೆರಾದ ಹಳಹಳಿಕೆ: ಒಂದು ವಿವೇಚನೆ

ಬಳಕೆಯಿಂದ ಜಾರಿದ ಉಪಕರಣಗಳ ಮೇಲೆ ಜನರಿಗೆ ಮೋಹವುಂಟಾಗುವುದು ಹೊಸ ಸಂಗತಿಯೇನೂ ಅಲ್ಲ. ಬೀಸುವ ಕಲ್ಲು, ಎತ್ತಿನ ಗಾಡಿ, ಗ್ರಾಮಫೋನು ಇವೆಲ್ಲವೂ ಮನೆಯಿಂದ ಹೊರಬಿದ್ದ ಮೇಲೆಯೇ ಚೆಲುವನ್ನು ಪಡೆದುವು. ಈಗ ಆ ಸರದಿ ಫಿಲ್ಮ್ ಕ್ಯಾಮೆರಾಕ್ಕೆ ಬಂದಿದೆ. ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರಗಳನ್ನು ತೆಗೆಯಬಲ್ಲ ತರುಣರೇ ಹಳೆಯ ಯಾಷಿಕಾ, ರೋಲಿಫ್ಲೆಕ್ಸ್, ಆಗ್ಫಾ ಕ್ಲಿಕ್ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾವೊಂದು ಮಾರುಕಟ್ಟೆಗೆ ಬಂದುದು ಈ ಒಲವು ಎಷ್ಟು ದೂರ ಹಬ್ಬಿದೆಯೆಂಬುದನ್ನು ತೋರಿಸುತ್ತದೆ. ಇದರಲ್ಲಿ ಸತ್ತ್ವವೆಷ್ಟು, ಭ್ರಮೆಯೆಷ್ಟು, ಇತಿಹಾಸಕ್ಕೆ ಇದರಿಂದ ಆಗುವ ಉಪಕಾರವೇನು ಎಂಬುದನ್ನು ಮಲೆಬೆನ್ನೂರು, ಹರಿಹರ, ದಾವಣಗೆರೆಗಳಂಥ ಊರುಗಳ ನೆಲೆಯಲ್ಲಿ ನಿಂತು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ, ಈ ಕ್ಯಾಮೆರಾಗಳನ್ನು ಬಳಸುವುದರಲ್ಲಿ ನಿಜವಾದ ಸುಖವಿದೆಯೆಂಬುದನ್ನು ಒಪ್ಪಲೇಬೇಕು. ಆ ಸುಖದ ಮೂಲ ಮಿತಿಯಲ್ಲಿದೆ. 120 ಎಂಬ ಅಳತೆಯ ಫಿಲ್ಮಿನ ಒಂದು ಸುರುಳಿಯಲ್ಲಿ ಆರು ಸೆಂಟಿಮೀಟರ್ ಚೌಕದ 12 ಚಿತ್ರಗಳಿಗೆ ಮಾತ್ರ ಎಡೆಯುಂಟು. 35 ಮಿಲಿಮೀಟರ್ ಫಿಲ್ಮಿನಲ್ಲಿ ಸಾಮಾನ್ಯವಾಗಿ 36. ಹನ್ನೆರಡೇ ಅವಕಾಶಗಳುಳ್ಳವನು ಹದಿಮೂರನೆಯದನ್ನು ಕನಸಿನಲ್ಲಿಯೂ ಎಣಿಸಲಾರನು. ಆದುದರಿಂದ ಗುಂಡಿಯನ್ನು ಒತ್ತುವ ಮೊದಲು ನೋಡುತ್ತಾನೆ, ಅಳೆಯುತ್ತಾನೆ, ಎಷ್ಟೋ ಸಲ ಒತ್ತದೆ ಹಿಂದಿರುಗುತ್ತಾನೆ. ಬೆಳಕನ್ನು ಅಳೆಯುವ ಯಂತ್ರವಿಲ್ಲದ ಕ್ಯಾಮೆರಾವಾದರೆ ಬಿಸಿಲನ್ನು ಕಣ್ಣಿನಿಂದಲೇ ತೂಗಬೇಕು. ಸ್ವಚ್ಛವಾದ ಬಿಸಿಲಿನಲ್ಲಿ ಲೆನ್ಸಿನ ರಂಧ್ರವನ್ನು 16ರ ಅಂಕಿಗೆ ಇಟ್ಟು, ಫಿಲ್ಮಿನ ವೇಗದ ಅಂಕಿಯನ್ನೇ ಷಟರಿನ ವೇಗವಾಗಿ ಹಿಡಿಯಬೇಕೆಂಬುದು, ಅಂದರೆ 100ರ ಫಿಲ್ಮಿಗೆ ಸೆಕೆಂಡಿನ ನೂರನೆಯ ಒಂದು ಭಾಗವೆಂಬುದು, ಹಳಬರಿಗೆ ಮಗ್ಗಿಯಷ್ಟೇ ಬಾಯಿಗೆ ಬರುತ್ತಿದ್ದ ಸೂತ್ರ. ಎರಡು ಲೆನ್ಸಿನ ರೋಲಿಫ್ಲೆಕ್ಸಿನಲ್ಲಿ ಇನ್ನೊಂದು ಸೊಗಸುಂಟು. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ತಲೆ ಬಾಗಿಸಿ ನೋಡಿದರೆ ಮಬ್ಬುಗಾಜಿನ ಮೇಲೆ ಲೋಕವು ಎಡಬಲ ತಿರುಗಿ ಕಾಣುತ್ತದೆ. ಪರಿಚಿತವಾದ ಬೀದಿಯೂ ಅಪರಿಚಿತವಾಗಿ, ಕಣ್ಣು ಎಚ್ಚರಗೊಳ್ಳುತ್ತದೆ. ಕೊನೆಯದಾಗಿ, ಕಾಯುವಿಕೆ. ಬೆಳಕು ತಾಗಿದ ಬೆಳ್ಳಿಯ ಲವಣದಲ್ಲಿ ಚಿತ್ರವು ಮೂಡಿದ್ದರೂ ಅದು ಕಾಣುವುದಿಲ್ಲ. ಡೆವಲಪರಿನಲ್ಲಿ ಅದ್ದಿದಾಗ ಕಪ್ಪಾಗಿ ಹೊರಬಂದು, ಹೈಪೊದಲ್ಲಿ ಮುಳುಗಿದ ಮೇಲೆಯೇ ನಿಲ್ಲುತ್ತದೆ. ಇವೆಲ್ಲವನ್ನೂ ಕೂಡಿಸಿ ಹೇಳುವುದಾದರೆ ಈ ಸುಖವು ಯಂತ್ರದ್ದಲ್ಲ, ಎಚ್ಚರಿಕೆಯಿಂದ ಮಾಡಿದ ಕೆಲಸದ್ದು.

ಕರ್ನಾಟಕದ ಛಾಯಾಚಿತ್ರಕಲೆಯಲ್ಲಿ ಈ ಎಚ್ಚರಿಕೆಯ ಉತ್ತಮ ಫಲವನ್ನು ವನ್ಯಜೀವಿಗಳ ಚಿತ್ರಗಳಲ್ಲಿ ಕಾಣಬಹುದು. ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಇವರ ಕೃತಿಗಳನ್ನು ಹೆಸರಿಸಿದರೆ ಸಾಕು. ರಾಜ್ಯದ ಅರ್ಥಸಚಿವರಾಗಿದ್ದ ಘೋರ್ಪಡೆಯವರ ಕಪ್ಪು-ಬಿಳುಪು ಚಿತ್ರಗಳು ಇಂದಿಗೂ ಮೆಚ್ಚುಗೆಗೆ ಪಾತ್ರವಾಗಿರುವುದು ಕ್ಯಾಮೆರಾದ ಮಹಿಮೆಯಿಂದಲ್ಲ. ಪ್ರಾಣಿಯ ನಡವಳಿಕೆಯನ್ನು ಅರಿತು, ಅದು ಬರುವ ದಾರಿಯನ್ನು ಕಾದು ಕುಳಿತ ತಾಳ್ಮೆಯಿಂದ. ಅದೇ ಕ್ಯಾಮೆರಾವನ್ನು ಕೊಂಡವನಿಗೆ ಆ ತಾಳ್ಮೆಯೂ ಜತೆಗೆ ಬರುವುದೆಂದು ತಿಳಿಯುವುದೇ ಹಳಹಳಿಕೆಯ ಮೊದಲನೆಯ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ಫಿಲ್ಮಿನ ಚಿತ್ರವೇ ಸತ್ಯ, ಇಂದಿನದೆಲ್ಲ ತಿದ್ದಿದ್ದು ಎಂಬ ಮಾತನ್ನು ವಿದ್ಯಾವಂತರೂ ಆಡುತ್ತಾರೆ. ಹಳೆಯ ಸ್ಟುಡಿಯೊಗಳ ಕೆಲಸವನ್ನು ಬಲ್ಲವರು ಇದನ್ನು ಒಪ್ಪಲಾರರು. ಬಣ್ಣ ಬಳಿದ ಪರದೆಯ ಮೇಲೆ ಅರಮನೆಯ ಕಂಬಗಳೂ ಸರೋವರವೂ ಇರುತ್ತಿದ್ದುವು. ನೆಗೆಟಿವಿನ ಮೇಲೆ ಚೂಪಾದ ಪೆನ್ಸಿಲನ್ನು ಆಡಿಸಿ ಮುಖದ ಸುಕ್ಕನ್ನೂ ಕಲೆಯನ್ನೂ ಮರೆಯಿಸುತ್ತಿದ್ದರು. ಕಪ್ಪು-ಬಿಳುಪು ಪ್ರತಿಗೆ ಕೈಯಿಂದ ಬಣ್ಣ ಹಚ್ಚಿ ಸೀರೆಯ ಅಂಚನ್ನು ಹೊಳೆಯಿಸುತ್ತಿದ್ದರು. ತಿದ್ದುವಿಕೆ ಹಿಂದೆಯೂ ಇತ್ತು. ಅದಕ್ಕೆ ಬೇಕಾದ ಕೈಚಳಕ ಕೆಲವರಿಗೆ ಮಾತ್ರ ಇತ್ತೆಂಬುದಷ್ಟೇ ಭೇದ.

ಮೂರನೆಯದಾಗಿ, ಈ ಹಳಹಳಿಕೆಯು ಯಾರದೆಂದು ಕೇಳಬೇಕಾಗಿದೆ. ಫಿಲ್ಮು ಬಹುಕಾಲ ಪರದೇಶದಿಂದ ಬರುತ್ತಿದ್ದ ವಸ್ತು. ಆಮದಿನ ಮೇಲೆ ಕಟ್ಟುಗಳಿದ್ದ ದಿನಗಳಲ್ಲಿ ಅದು ಸುಲಭವಾಗಿ ದೊರೆಯುತ್ತಿರಲಿಲ್ಲ. ಉದಕಮಂಡಲದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯು 1967ರಲ್ಲಿ ಉತ್ಪಾದನೆಯನ್ನಾರಂಭಿಸಿ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮನ್ನು ಒದಗಿಸಿತು. ವಡೋದರೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮೆರಾವು ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. ಆದರೂ ಹರಿಹರದಿಂದ ಶಿವಮೊಗ್ಗೆಗೆ ಹೋಗುವ ರಸ್ತೆಯ ಮೇಲಣ ಮಲೆಬೆನ್ನೂರಿನಂಥ ಊರಿನಲ್ಲಿ ಕ್ಯಾಮೆರಾ ಎಂದರೆ ಸ್ಟುಡಿಯೊದವರ ಸೊತ್ತು. ಭತ್ತದ ಗದ್ದೆಯಲ್ಲಿ ದುಡಿಯುವವರು ಅದರ ಎದುರಿಗೆ ನಿಂತದ್ದು ಮದುವೆಯಲ್ಲಿ, ಶಾಲೆಯ ಗುಂಪುಚಿತ್ರದಲ್ಲಿ, ಅರ್ಜಿಗೆ ಅಂಟಿಸುವ ಸಣ್ಣ ಭಾವಚಿತ್ರಕ್ಕಾಗಿ. ಎಷ್ಟೋ ಮಂದಿಗೆ ಆಯುಷ್ಯದಲ್ಲಿ ಎರಡು ಮೂರು ಚಿತ್ರಗಳಿಗಿಂತ ಹೆಚ್ಚು ಇರಲಿಲ್ಲ. ಕ್ಯಾಮೆರಾವನ್ನು ಹಿಡಿದವನ ಸುಖವನ್ನು ಕುರಿತು ಇಂದು ಬಹಳ ಬರೆಯುತ್ತಾರೆ. ಉಸಿರು ಬಿಗಿಹಿಡಿದು ಅದರ ಮುಂದೆ ಕುಳಿತವರ ಮಾತನ್ನು ಯಾರೂ ಬರೆಯುವುದಿಲ್ಲ. ಇತಿಹಾಸಕಾರನಿಗೆ ಈ ಎರಡನೆಯವರೇ ಮುಖ್ಯರು.

ನಮ್ಮ ಪ್ರದೇಶದ ಪೂರ್ವೇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ಮುಂಬಯಿ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಪಿಗೋ ಎಂಬಾತನು 1850ರ ದಶಕದಲ್ಲಿ ಈ ಸೀಮೆಯ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಅವು ಇತರರ ಚಿತ್ರಗಳೊಡನೆ 1866ರಲ್ಲಿ ಲಂಡನ್ನಿನಲ್ಲಿ, ಮೆಡೋಸ್ ಟೇಲರನ ಐತಿಹಾಸಿಕ ಲೇಖನ ಮತ್ತು ಫರ್ಗುಸನ್ನನ ಟಿಪ್ಪಣಿಗಳೊಡನೆ, ಧಾರವಾಡ-ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಪ್ರಕಟವಾದುವು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯವೂ ಅದರಲ್ಲಿ ಸೇರಿದೆ. 1865ರಲ್ಲಿ ಕಮಿಷನರ್ ಬೌರಿಂಗನ ಆಜ್ಞೆಯಂತೆ ಮೇಜರ್ ಡಿಕ್ಸನ್ನನು ಮೈಸೂರು ಸಂಸ್ಥಾನದ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬಿ. ಎಲ್. ರೈಸ್ ಅವರು ಅವನ್ನು ಆಧಾರವಾಗಿಟ್ಟುಕೊಂಡು 1879ರಲ್ಲಿ ಅನುವಾದಗಳ ಸಂಪುಟವನ್ನು ಹೊರತಂದರು. ನಾಡಿನ ಶಾಸನಾಧ್ಯಯನದ ಆರಂಭಕ್ಕೆ ಕ್ಯಾಮೆರಾ ಹೀಗೆ ನೆರವಾಯಿತು. ಆದರೆ ಡಿಕ್ಸನ್ನನ ಕ್ಯಾಮೆರಾ ಯಾವ ತಯಾರಿಕೆಯದೆಂದು ಯಾವ ಶಾಸನತಜ್ಞನೂ ಕೇಳಿದಂತಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ.

ಇನ್ನೂ ಸ್ಪಷ್ಟವಾದ ನಿದರ್ಶನವೊಂದು ತುಂಗಭದ್ರೆಯ ಕೆಳದಂಡೆಯ ಹಂಪೆಯಲ್ಲಿದೆ. ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಅಲ್ಲಿನ ಕಟ್ಟಡಗಳನ್ನು ಚಿತ್ರಿಸಿದನು. ಆ ವಿಧಾನಕ್ಕೆ ದೀರ್ಘಕಾಲದ ಬೆಳಕು ಬೇಕಾದುದರಿಂದ ಓಡಾಡುವ ಜನರು ಅದರಲ್ಲಿ ಮೂಡುವಂತಿರಲಿಲ್ಲ. ಹಂಪೆ ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಹಳೆಯ ಚಿತ್ರವನ್ನು ಸತ್ಯವೆಂದು ನಂಬುವವರು ಇದನ್ನು ನೆನೆಯಬೇಕು. ಆದರೂ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿತ್ತೆಂಬುದು, ಅದು ಇಂದು ಇಲ್ಲವಾಗಿರುವಾಗ, ಗ್ರೀನ್‌ಲಾನ ಚಿತ್ರದಿಂದ ಕಣ್ಣಿಗೆ ಕಟ್ಟುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ನೆಲೆಗಳಲ್ಲಿ ನಿಂತು ಅದೇ ನೋಟಗಳನ್ನು ಮತ್ತೆ ಚಿತ್ರಿಸಿದುದರಿಂದ ಸುಮಾರು ಒಂದೂಕಾಲು ಶತಮಾನದ ಅಂತರವನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಇದನ್ನು ಸಾಧ್ಯಗೊಳಿಸಿದ್ದು ಉಳಿದುಬಂದ ನೆಗೆಟಿವು.

ಈಗ ನಮ್ಮ ಊರುಗಳಿಗೆ ಬರೋಣ. ಹಳೆಯ ಕ್ಯಾಮೆರಾವನ್ನು ಒರಸಿ ಗಾಜಿನ ಬೀರುವಿನಲ್ಲಿಡುವ ಇದೇ ಕಾಲದಲ್ಲಿ, ಬಾಗಿಲು ಮುಚ್ಚಿದ ಸ್ಟುಡಿಯೊಗಳ ನೆಗೆಟಿವಿನ ಪೆಟ್ಟಿಗೆಗಳು ಕಸಕ್ಕೆ ಹೋಗುತ್ತಿವೆ. ಹಳೆಯ ಎಕ್ಸ್-ರೇ ಹಾಳೆಗಳಂತೆ ಇವನ್ನೂ ಬೆಳ್ಳಿ ತೆಗೆಯುವವರು ತೂಕದ ಲೆಕ್ಕದಲ್ಲಿ ಕೊಳ್ಳುವುದುಂಟು. ಉಳಿದುವು ಅಟ್ಟದ ಸೆಕೆಗೂ ಮಳೆಗಾಲದ ತೇವಕ್ಕೂ ಸಿಕ್ಕಿ ಕೆಡುತ್ತವೆ. ಫಿಲ್ಮಿನ ಮೇಲಿನ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿಯುತ್ತದೆ. ಅಸಿಟೇಟ್ ಫಿಲ್ಮು ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳ ಕಾರ್ಮಿಕರು, 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಮುಂದೆ ಮುಚ್ಚಿಹೋದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ನೌಕರರು, ಭದ್ರಾ ನಾಲೆಯ ನೀರು ಬಂದ ಮೇಲೆ ಗದ್ದೆಯಾದ ಹೊಲಗಳ ಒಡೆಯರು ಮತ್ತು ಕೂಲಿಗಳು, ಮೊದಲ ಸಲ ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು, ಇವರ ಮುಖಗಳನ್ನು ಯಾವ ಗ್ಯಾಸೆಟಿಯರೂ ಅಚ್ಚುಮಾಡಿಲ್ಲ. ಅವು ಎಲ್ಲಿಯಾದರೂ ಇರುವುದಾದರೆ ಇಂಥ ಪೆಟ್ಟಿಗೆಗಳಲ್ಲಿಯೇ ಇರಬೇಕು. ಯಂತ್ರವನ್ನು ಪೂಜಿಸಿ ಅದರ ಫಲವನ್ನು ಎಸೆಯುವ ಈ ವಿಪರ್ಯಾಸವೇ ಹಳಹಳಿಕೆಯ ಮೇಲೆ ನಾವು ಹೊರಿಸುವ ಮುಖ್ಯವಾದ ಆಕ್ಷೇಪಣೆ.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಕಾಲೇಜಿನ ಇತಿಹಾಸ ವಿಭಾಗಗಳು ತಮ್ಮ ತಮ್ಮ ಊರಿನ ಸ್ಟುಡಿಯೊಗಳ ಮನೆತನಗಳನ್ನು ಸಂಪರ್ಕಿಸಿ, ನೆಗೆಟಿವುಗಳನ್ನು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿಟ್ಟು, ತಂಪಾದ ಒಣಗಿದ ಕೋಣೆಯಲ್ಲಿ ಕಾಪಾಡಬಹುದು. ಬೆಳಕು ಬೀರುವ ಬಿಳಿಯ ಹಲಗೆಯ ಮೇಲೆ ನೆಗೆಟಿವನ್ನಿಟ್ಟು ಇಂದಿನ ಡಿಜಿಟಲ್ ಕ್ಯಾಮೆರಾದಿಂದಲೇ ಅದರ ಪ್ರತಿಯನ್ನು ತೆಗೆಯಬಹುದು. ನಿಂದೆಗೆ ಗುರಿಯಾದ ಹೊಸ ಯಂತ್ರವೇ ಹಳೆಯದರ ಫಲವನ್ನು ಉಳಿಸಬಲ್ಲುದೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಮನಗಾಣುವರು. ಚಿತ್ರಕ್ಕಿಂತಲೂ ಬೇಗ ನಶಿಸುವುದು ಅದರ ಮಾಹಿತಿ. ಲಕೋಟೆಯ ಮೇಲಿನ ಅಂಕಿ, ರಸೀತಿ ಪುಸ್ತಕದ ಹೆಸರು ಮತ್ತು ತಾರೀಖು, ಇವುಗಳನ್ನು ನೆಗೆಟಿವಿನೊಡನೆಯೇ ದಾಖಲಿಸದಿದ್ದರೆ ಉಳಿಯುವುದು ಹೆಸರಿಲ್ಲದ ಮುಖಗಳು ಮಾತ್ರ. ಆ ಮುಖಗಳನ್ನು ಗುರುತಿಸಬಲ್ಲ ಹಿರಿಯರ ಸಂಖ್ಯೆ ವರ್ಷ ವರ್ಷಕ್ಕೆ ಕಡಮೆಯಾಗುತ್ತಿದೆ. ಚಿತ್ರದಲ್ಲಿರುವವರ ಕುಟುಂಬದ ಒಪ್ಪಿಗೆಯಿಲ್ಲದೆ ಯಾವುದನ್ನೂ ಪ್ರಕಟಿಸಕೂಡದೆಂಬ ನಿಯಮವನ್ನು ಆರಂಭದಲ್ಲಿಯೇ ಮಾಡಿಕೊಳ್ಳುವುದು ಯುಕ್ತ.

ಹಳೆಯ ಕ್ಯಾಮೆರಾವನ್ನು ಕೈಗೆತ್ತಿಕೊಳ್ಳುವ ತರುಣರನ್ನು ನಿರುತ್ಸಾಹಗೊಳಿಸುವುದು ನಮ್ಮ ಉದ್ದೇಶವಲ್ಲ. ಹನ್ನೆರಡು ಚಿತ್ರಗಳ ಮಿತಿಯಲ್ಲಿ ನೋಡುವುದನ್ನು ಕಲಿತವನಿಗೆ ದಾಖಲೆಯೊಂದರ ಬೆಲೆಯೂ ಬೇಗ ತಿಳಿಯುವುದು ಸಂಭವ. ಆ ಸುಖವು ಅವನನ್ನು ಅಂಗಡಿಯ ಗಾಜಿನ ಬೀರುವಿನಿಂದ ಊರಿನ ಅಟ್ಟದ ಪೆಟ್ಟಿಗೆಯ ಕಡೆಗೆ ಕರೆದೊಯ್ದರೆ ಹಳಹಳಿಕೆಯೂ ಅಧ್ಯಯನದ ಮೊದಲ ಮೆಟ್ಟಿಲಾಗಬಹುದು. ಕರೆದೊಯ್ಯದಿದ್ದರೆ, ಇಪ್ಪತ್ತನೆಯ ಶತಮಾನದ ಮಲೆಬೆನ್ನೂರಿನ ಚರಿತ್ರೆಯನ್ನು ಬರೆಯಹೊರಟ ಮುಂದಿನ ವಿದ್ಯಾರ್ಥಿಗೆ ಕ್ಯಾಮೆರಾಗಳು ಬೇಕಾದಷ್ಟು ದೊರೆಯುವುವು, ಚಿತ್ರಗಳು ದೊರೆಯಲಾರವು.