ಕಂಪನಿಗೆ ಊರುಗಳು ಬರೆದ ಓಲೆ

2017ರ ಸೆಪ್ಟೆಂಬರ್ 7ರಂದು ಅಮೆಜಾನ್ ಕಂಪನಿ ಎಂಟು ಪುಟದ ಒಂದು ಪ್ರಕಟಣೆ ಹೊರಡಿಸಿತು. ಸಿಯಾಟಲ್‌ನಲ್ಲಿರುವ ಮುಖ್ಯ ಕಚೇರಿ ನಮಗೆ ಸಾಲದು, ಅದಕ್ಕೆ ಸರಿಸಮನಾದ ಇನ್ನೊಂದು ಬೇಕು; 500 ಕೋಟಿ ಡಾಲರ್ ಹೂಡುತ್ತೇವೆ, 50,000 ಜನರಿಗೆ ಕೆಲಸ ಕೊಡುತ್ತೇವೆ; ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಉತ್ತರ ಅಮೆರಿಕದ ನಗರ ಪ್ರದೇಶಗಳು ಅಕ್ಟೋಬರ್ 19ರೊಳಗೆ ತಮ್ಮ ಪ್ರಸ್ತಾವ ಕಳಿಸಬಹುದು ಎಂಬುದು ಅದರ ಸಾರ. ಬಂದ ಪ್ರಸ್ತಾವಗಳು 238. ಈ ಪ್ರಸಂಗದ ಲಾಭನಷ್ಟದ ಬಗ್ಗೆ ಅರ್ಥಶಾಸ್ತ್ರ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಕನ್ನಡ ಪಾಠ ಮಾಡಿಕೊಂಡಿರುವ ನನಗೆ ಅದರಲ್ಲಿ ಬೇರೆಯದೇ ಒಂದು ಕುತೂಹಲವಿದೆ. ಊರುಗಳು ಕಂಪನಿಯೊಂದಕ್ಕೆ ಓಲೆ ಬರೆದರೆ ಯಾವ ಭಾಷೆಯಲ್ಲಿ ಬರೆಯುತ್ತವೆ? ತೆರಿಗೆ ಬಿಟ್ಟುಕೊಡುವ ಮಾತನ್ನು ಯಾವ ಪ್ರಕಾರದಲ್ಲಿ ಆಡುತ್ತವೆ? ಆ ಪ್ರಕಾರ ಬೇರೆಯಾಗಿದ್ದರೆ ಜಗಳವೂ ಬೇರೆಯಾಗಿರುತ್ತಿತ್ತು ಎಂದು ನನಗನ್ನಿಸುತ್ತದೆ.

ಮೊದಲು ಆ ಎಂಟು ಪುಟ. ಓದಲು ಬೇಸರವಾಗುವ ಗದ್ಯವಲ್ಲ. ದೊಡ್ಡದಾಗಿ ಯೋಚಿಸಿ, ಸೃಜನಶೀಲರಾಗಿ ಎಂದು ಊರುಗಳನ್ನು ಹುರಿದುಂಬಿಸುವ ಸಾಲುಗಳಿವೆ. ಸಾರಿಗೆ, ವಿಮಾನ ನಿಲ್ದಾಣ, ವಿಶ್ವವಿದ್ಯಾಲಯ, ಜನರ ಜೀವನಮಟ್ಟ ಎಲ್ಲದರ ಪ್ರಸ್ತಾಪವೂ ಬರುತ್ತದೆ. ಇವುಗಳ ನಡುವೆ, ದನಿ ಏರಿಸದೆ, ವ್ಯವಹಾರದ ಆರಂಭದ ಖರ್ಚು ಮತ್ತು ನಿತ್ಯದ ಖರ್ಚು ನಿರ್ಧಾರದಲ್ಲಿ ಬಹಳ ಮುಖ್ಯ ಎನ್ನುವ ಮಾತಿದೆ. ಅದರ ಬೆನ್ನಿಗೇ ಇನ್ನೊಂದು: ಇಷ್ಟು ದೊಡ್ಡ ಯೋಜನೆಗೆ ಸ್ಪರ್ಧಿಸಬಲ್ಲ ರಿಯಾಯಿತಿ ಕೊಡಬೇಕಾದರೆ ರಾಜ್ಯಗಳು ವಿಶೇಷ ಕಾನೂನನ್ನೇ ಮಾಡಬೇಕಾಗಿ ಬರಬಹುದು ಎಂಬುದು ನಮಗೆ ಗೊತ್ತಿದೆ. ಈ ವಾಕ್ಯದ ಮುಂದೆ ನಾನು ತುಸು ಹೊತ್ತು ನಿಂತೆ. ಕಾನೂನು ಮಾಡಿ ಎಂದು ಕೇಳುವುದಿಲ್ಲ ಅದು. ಮಾಡಬೇಕಾಗಬಹುದು, ನಮಗೆ ಅರ್ಥವಾಗುತ್ತದೆ ಎಂದು ಅನುಕಂಪ ತೋರಿಸುತ್ತದೆ. ದೊಡ್ಡ ಮನೆಯವರು ಮದುವೆ ಮಾತುಕತೆಗೆ ಬಂದಾಗ ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕಬೇಕು ಅಂದುಕೊಂಡಿದ್ದೀರೋ ಅದು ನಿಮಗೆ ಬಿಟ್ಟದ್ದು’ ಎನ್ನುವ ಧಾಟಿಯನ್ನು ಬಲ್ಲವರಿಗೆ ಇದು ಹೊಸದಲ್ಲ.

ಉತ್ತರಗಳು ಬಂದ ರೀತಿಯೂ ಹೆಣ್ಣು ನೋಡುವ ಶಾಸ್ತ್ರದಂತೆಯೇ ಇತ್ತು. ಅರಿಜೋನಾದ ಟೂಸಾನ್‌ನವರು 21 ಅಡಿ ಎತ್ತರದ ಕಳ್ಳಿಗಿಡವೊಂದನ್ನು ಸಿಯಾಟಲ್‌ಗೆ ಕಳಿಸಿದರು. ಕಾನ್ಸಾಸ್ ಸಿಟಿಯ ಮೇಯರ್ ಸ್ಲೈ ಜೇಮ್ಸ್ ಅಮೆಜಾನ್‌ನಲ್ಲಿ ಸಾವಿರ ವಸ್ತುಗಳಿಗೆ ಐದೈದು ನಕ್ಷತ್ರ ಕೊಟ್ಟು, ಪ್ರತಿ ವಿಮರ್ಶೆಯಲ್ಲೂ ತಮ್ಮ ಊರಿನ ಗುಣಗಾನ ತುರುಕಿದರು. ಜಾರ್ಜಿಯಾದ ಸ್ಟೋನ್‌ಕ್ರೆಸ್ಟ್ ಎಂಬ ಪುಟ್ಟ ಊರಿನ ಪಾಲಿಕೆ ತನ್ನ 345 ಎಕರೆಯನ್ನು ಬೇರ್ಪಡಿಸಿ ಅದಕ್ಕೆ ಅಮೆಜಾನ್ ಎಂದೇ ಹೆಸರಿಡಲು ಮತ ಹಾಕಿತು. ಕೆನಡಾದ ಕ್ಯಾಲ್ಗರಿ, ನಿಮಗಾಗಿ ಕರಡಿಯ ಜೊತೆ ಬೇಕಾದರೂ ಕಾದಾಡುತ್ತೇವೆ ಎಂಬರ್ಥದ ಜಾಹೀರಾತನ್ನು ಸಿಯಾಟಲ್‌ನಲ್ಲಿ ಹಾಕಿಸಿತು. ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಂಡ್ರೂ ಕ್ವೋಮೊ, ಅಗತ್ಯ ಬಿದ್ದರೆ ನನ್ನ ಹೆಸರನ್ನೇ ಅಮೆಜಾನ್ ಕ್ವೋಮೊ ಎಂದು ಬದಲಾಯಿಸಿಕೊಳ್ಳುತ್ತೇನೆ ಎಂದು ತಮಾಷೆ ಮಾಡಿದರು. ತಮಾಷೆಯೇ, ನಿಜ. ಆದರೆ ತಮಾಷೆಯೂ ಒಂದು ಪ್ರಕಾರ, ಅದಕ್ಕೂ ಮಾಡುವ ಕೆಲಸ ಒಂದಿದೆ. ಕೊಡುವವನ ಕೈಯಲ್ಲಿ ಏನಿದೆ, ಅದು ಯಾರದ್ದು ಎಂಬ ಪ್ರಶ್ನೆಯನ್ನು ಅದು ನಗುತ್ತಲೇ ಪಕ್ಕಕ್ಕೆ ಸರಿಸಿತು.

ಪಕ್ಕಕ್ಕೆ ಸರಿದದ್ದು ಸಣ್ಣ ಮೊತ್ತವಲ್ಲ. ನ್ಯೂಜೆರ್ಸಿ ರಾಜ್ಯ ಮತ್ತು ನೆವಾರ್ಕ್ ನಗರ ಸೇರಿ 700 ಕೋಟಿ ಡಾಲರ್ ಮುಂದಿಟ್ಟವು. ಮೇರಿಲ್ಯಾಂಡ್ 850 ಕೋಟಿ. ಶಿಕಾಗೊದ ಪ್ರಸ್ತಾವದಲ್ಲಿ, ನೌಕರರ ಸಂಬಳದಿಂದ ಹಿಡಿಯುವ ಆದಾಯ ತೆರಿಗೆಯಲ್ಲಿ ದೊಡ್ಡ ಪಾಲನ್ನು ಸರ್ಕಾರಕ್ಕೆ ಕಟ್ಟದೆ ಕಂಪನಿಯೇ ಇಟ್ಟುಕೊಳ್ಳುವ ಏರ್ಪಾಡಿತ್ತು. ಅಂದರೆ ದುಡಿಯುವವರು ತೆರಿಗೆಯನ್ನು ತಮ್ಮ ಧಣಿಗೇ ಕಟ್ಟಿದಂತೆ. ಕ್ಯಾಲಿಫೋರ್ನಿಯಾದ ಫ್ರೆಸ್ನೊ, ಕಂಪನಿಯಿಂದ ಬರುವ ತೆರಿಗೆಯ 85 ಶೇಕಡಾವನ್ನು ಬೇರೆ ನಿಧಿಯಲ್ಲಿಟ್ಟು, ಅದನ್ನು ಹೇಗೆ ಖರ್ಚು ಮಾಡಬೇಕೆಂದು ನಗರದವರೂ ಕಂಪನಿಯವರೂ ಕೂಡಿ ತೀರ್ಮಾನಿಸೋಣ ಎಂದಿತು. ಫ್ರೆಸ್ನೊದ ಪ್ರಸ್ತಾವ ಓದಿ ನಗಬಹುದು. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಪ್ರಾಮಾಣಿಕ ಅನ್ನಿಸಿತು. ಉಳಿದವರು ಹಣ ಕೊಡುವುದಾಗಿ ಹೇಳಿ ಅಧಿಕಾರದ ಮಾತನ್ನು ನುಂಗಿದರು, ಈ ಬಡ ಊರು ಅದನ್ನು ಬಾಯಿಬಿಟ್ಟು ಹೇಳಿತು. ಅನೇಕ ಊರುಗಳು ತಮ್ಮ ಪ್ರಸ್ತಾವದಲ್ಲಿ ಏನಿದೆ ಎಂಬುದನ್ನು ತಮ್ಮ ನಿವಾಸಿಗಳಿಗೇ ತಿಳಿಸಲಿಲ್ಲ.

ಓಲೆ ಬರೆಯದೆ ದೂರ ಉಳಿದವರಲ್ಲಿ ಇಬ್ಬರನ್ನು ನೆನೆಯಬೇಕು. ಅರ್ಕಾನ್ಸಾಸ್‌ನ ಲಿಟಲ್ ರಾಕ್, ಪ್ರೇಮ ಮುರಿದುಕೊಳ್ಳುವ ಪತ್ರದ ಧಾಟಿಯಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟಿತು. ಚತುರವಾದದ್ದು, ಆದರೆ ಅದೂ ಪ್ರೇಮಪತ್ರದ ಮನೆಯೊಳಗೇ ಕೂತು ಬರೆದದ್ದು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಮೇಯರ್ ಮತ್ತು ಕೌಂಟಿಯ ಮುಖ್ಯಸ್ಥರು ಬರೆದ ಪತ್ರ ಬೇರೆ ತರಹದ್ದು. ಇಷ್ಟು ಮುಂದಾಲೋಚನೆಯ ಕಂಪನಿ ತನಗೆ ಬೇಕಾದ ಜಾಗವನ್ನು ಆಗಲೇ ಆರಿಸಿಕೊಂಡಿಲ್ಲ ಎಂದರೆ ನಂಬುವುದು ಕಷ್ಟ, ಕಣ್ಣುಮುಚ್ಚಿಕೊಂಡು ಕೊಟ್ಟುಬಿಡುವುದು ನಮ್ಮ ರೀತಿಯಲ್ಲ ಎಂದು ಅದು ಹೇಳಿತು. ಈ ಅನುಮಾನಕ್ಕೆ ವಿದ್ವತ್ತಿನ ಬೆಂಬಲವೂ ಇದೆ. ಅಪ್‌ಜಾನ್ ಸಂಸ್ಥೆಯ ಟಿಮೊತಿ ಬಾರ್ಟಿಕ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ 2018ರಲ್ಲಿ ಕೊಟ್ಟ ಅಂದಾಜಿನಂತೆ, ಇಂಥ ರಿಯಾಯಿತಿಗಳಿಂದಾಗಿಯೇ ಕಂಪನಿಯ ಸ್ಥಳದ ತೀರ್ಮಾನ ಬದಲಾಗುವುದು ನೂರಕ್ಕೆ 2ರಿಂದ 25 ಸಲ ಮಾತ್ರ. ಉಳಿದ ಕಡೆ ಕಂಪನಿ ಹೇಗೂ ಬರುತ್ತಿತ್ತು, ರಿಯಾಯಿತಿ ಮೇಲಿನ ಭಕ್ಷೀಸು.

2018ರ ನವೆಂಬರ್ 13ರಂದು ಫಲಿತಾಂಶ ಬಂತು. ಒಂದು ಮುಖ್ಯ ಕಚೇರಿ ಎರಡಾಗಿ ಒಡೆದಿತ್ತು: ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಲಾಂಗ್ ಐಲ್ಯಾಂಡ್ ಸಿಟಿಗೆ 25,000 ಕೆಲಸ, ವರ್ಜೀನಿಯಾದ ಆರ್ಲಿಂಗ್ಟನ್‌ಗೆ 25,000. ಹಣಕಾಸಿನ ರಾಜಧಾನಿ ಒಂದು, ದೇಶದ ರಾಜಧಾನಿಯ ಪಕ್ಕದ್ದು ಇನ್ನೊಂದು. 850 ಕೋಟಿ ಕೊಡುತ್ತೇನೆಂದ ಮೇರಿಲ್ಯಾಂಡನ್ನು ಬಿಟ್ಟು ನದಿಯಾಚೆ 57.3 ಕೋಟಿ ಡಾಲರಿನ ವರ್ಜೀನಿಯಾವನ್ನು ಕಂಪನಿ ಒಪ್ಪಿತು. ವರ್ಜೀನಿಯಾ ತನ್ನ ಪ್ರಸ್ತಾವದ ಭಾರವನ್ನು ಕಂಪ್ಯೂಟರ್ ವಿಜ್ಞಾನದ ಶಿಕ್ಷಣದ ಮೇಲೆ, ವರ್ಜೀನಿಯಾ ಟೆಕ್‌ನ ಹೊಸ ಕ್ಯಾಂಪಸ್‌ನ ಮೇಲೆ ಹಾಕಿತ್ತು. ಕಂಪನಿ ಬಾರದಿದ್ದರೂ ಕಾಲೇಜು ಅಲ್ಲೇ ಇರುತ್ತದಲ್ಲ.

ನಿಜವಾದ ಜಗಳ ಶುರುವಾದದ್ದು ಕ್ವೀನ್ಸ್‌ನಲ್ಲಿ, ಎಲ್ಲ ತೀರ್ಮಾನವಾದ ಮೇಲೆ. ಅಲ್ಲಿನ ಭೂಬಳಕೆಯ ಪರಿಶೀಲನೆ ಸಾಮಾನ್ಯವಾಗಿ ನಗರಸಭೆಯ ಮತಕ್ಕೆ ಹೋಗಬೇಕು. ಈ ಯೋಜನೆಯನ್ನು ರಾಜ್ಯದ ಅಧಿಕಾರ ಬಳಸಿ ಆ ದಾರಿಯಿಂದ ತಪ್ಪಿಸಲಾಗಿತ್ತು. ಹಾಗಾಗಿ ನಗರಸಭೆಯ ವಿಚಾರಣೆಗಳಲ್ಲಿ ಸದಸ್ಯರು ಬೈಯಬಹುದಿತ್ತೇ ಹೊರತು ಬೇಡ ಎನ್ನುವಂತಿರಲಿಲ್ಲ. ಎರಡು ಸಂಖ್ಯೆಗಳು ಊರ ತುಂಬ ಓಡಾಡಿದವು. ಪರವಾದವರ ಬಾಯಲ್ಲಿ 25 ವರ್ಷಕ್ಕೆ 2,750 ಕೋಟಿ ಡಾಲರ್ ತೆರಿಗೆ ಆದಾಯ, ಒಂದಕ್ಕೆ ಒಂಬತ್ತರಷ್ಟು ವಾಪಸ್ಸು. ವಿರೋಧಿಗಳ ಬಾಯಲ್ಲಿ ಸುಮಾರು 300 ಕೋಟಿಯ ದಾನ. ಆಗತಾನೆ ಕಾಂಗ್ರೆಸ್ಸಿಗೆ ಗೆದ್ದಿದ್ದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, ಅಷ್ಟು ಹಣ ಕೊಡಲು ಸಿದ್ಧರಿದ್ದರೆ ಅದನ್ನು ಶಿಕ್ಷಕರಿಗೆ, ಸುರಂಗ ರೈಲಿನ ದುರಸ್ತಿಗೆ ಹಾಕಬಹುದಲ್ಲ ಎಂದರು. ಕೂಡಲೇ ಎದುರಿನವರು ಮುಗಿಬಿದ್ದರು: ಅಂಥ ಹಣವೇ ಇಲ್ಲ, ಅದು ಬರಬೇಕಾದ ತೆರಿಗೆಯಲ್ಲಿ ಬಿಡುವ ಪಾಲು, ಕಂಪನಿ ಬಾರದಿದ್ದರೆ ಬಿಡುವುದಕ್ಕೂ ಏನಿರುವುದಿಲ್ಲ.

ಒಪ್ಪಂದದ ವಿವರ ನೋಡಿದರೆ ಇಬ್ಬರ ಮಾತೂ ಅರ್ಧ. ರಾಜ್ಯದ 152.5 ಕೋಟಿಯಲ್ಲಿ 120 ಕೋಟಿ ಎಕ್ಸೆಲ್ಸಿಯರ್ ಎಂಬ ಯೋಜನೆಯ ತೆರಿಗೆ ಜಮೆ, 32.5 ಕೋಟಿ ಕಟ್ಟಡಕ್ಕೆಂದು ಕೊಡುವ ನೇರ ಅನುದಾನ. ಅನುದಾನ ಎಂದರೆ ಹಣವೇ, ಇಲ್ಲದ ಹಣವಲ್ಲ. ಎಕ್ಸೆಲ್ಸಿಯರ್ ಜಮೆಯೂ ಮರುಪಾವತಿಯಾಗುವಂಥದ್ದು: ಕಟ್ಟಬೇಕಾದ ತೆರಿಗೆ ಜಮೆಗಿಂತ ಕಡಿಮೆಯಿದ್ದರೆ ಉಳಿದದ್ದನ್ನು ಸರ್ಕಾರ ಕೈಗೆ ಕೊಡುತ್ತದೆ. ಇತ್ತ, ನಗರದ ಕಡೆಯಿಂದ ಸಿಗಬೇಕಿದ್ದ ಸುಮಾರು 130 ಕೋಟಿ ಅಮೆಜಾನ್‌ಗಾಗಿ ಮಾಡಿದ ಏರ್ಪಾಡೇ ಅಲ್ಲ, ಅರ್ಹತೆಯಿರುವ ಯಾವ ವ್ಯಾಪಾರಕ್ಕಾದರೂ ಕಾಯ್ದೆಯ ಪ್ರಕಾರ ಸಿಗುವಂಥದ್ದು. ಅದನ್ನು ಮಾಡಿದ ಕಾಯ್ದೆಯ ಮೇಲೆ ಎಷ್ಟೋ ವರ್ಷ ಯಾರೂ ಬೀದಿಗಿಳಿದಿರಲಿಲ್ಲ. ‘ಕೊಡು’ ಮತ್ತು ‘ಬಿಡು’ ಎಂಬ ಎರಡು ಸಣ್ಣ ಕ್ರಿಯಾಪದಗಳ ಮೇಲೆ ಇಡೀ ವಾದ ನಿಂತಿತ್ತು. ಯಾವುದನ್ನು ಕೊಟ್ಟದ್ದು, ಯಾವುದನ್ನು ಬಿಟ್ಟದ್ದು ಎಂದು ಸಾಲುಸಾಲಾಗಿ ಬಿಡಿಸಿ ಹೇಳುವ ತಾಳ್ಮೆ ಎರಡೂ ಕಡೆ ಕಾಣಲಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೇ ಒಂದು ಪ್ರಕಾರವಿತ್ತು, ದಾನಶಾಸನ. ತೆರಿಗೆ ಬಿಟ್ಟುಕೊಡುವುದು ಕರ್ನಾಟಕಕ್ಕೆ ಹೊಸ ವಿಷಯವೇನಲ್ಲ. ಸರ್ವಮಾನ್ಯ, ಉಂಬಳಿ, ಇನಾಮು, ಇವೆಲ್ಲ ಅದರದೇ ಹೆಸರುಗಳು. ಶಾಸನದ ವಿದ್ಯಾರ್ಥಿಗಳಿಗೆ ಅದರ ಚೌಕಟ್ಟು ಬಾಯಿಪಾಠ: ಆಳುತ್ತಿದ್ದವನು ಯಾರು, ಕೊಟ್ಟವನು ಯಾರು, ಪಡೆದವನು ಯಾರು, ಯಾತಕ್ಕಾಗಿ, ಬಿಟ್ಟ ತೆರಿಗೆ ಯಾವುದು, ಸುಂಕವೋ ಸಿದ್ಧಾಯವೋ ಮನೆವಣವೋ ಮಗ್ಗದೆರೆಯೋ, ಭೂಮಿಯ ನಾಲ್ಕು ಗಡಿ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು, ಕೊನೆಗೆ ತಪ್ಪಿದವನಿಗೆ ಶಾಪ. ಇದನ್ನು ಕಲ್ಲಿನಲ್ಲಿ ಕೊರೆದು ಊರವರು ಓಡಾಡುವ ಕಡೆ ನಿಲ್ಲಿಸುತ್ತಿದ್ದರು. ಆ ಕಾಲ ಚೆನ್ನಾಗಿತ್ತು ಎಂದು ಹೇಳಲು ನಾನು ಇದನ್ನು ತರುತ್ತಿಲ್ಲ. ಆ ಹೊಲ ಉಳುತ್ತಿದ್ದವನನ್ನು ಯಾರೂ ಕೇಳಿರಲಾರರು. ಬಿಟ್ಟ ತೆರಿಗೆಯ ಭಾರ ಎಲ್ಲಿಗೆ ಜಾರಿತು ಎಂಬುದನ್ನು ಕಲ್ಲು ಹೇಳುವುದಿಲ್ಲ. ಆ ಇನಾಮುಗಳನ್ನು ತೆಗೆದುಹಾಕಲು ಮೈಸೂರು ರಾಜ್ಯ 1954ರಲ್ಲಿ ಕಾಯ್ದೆ ಮಾಡಬೇಕಾಯಿತು. ನಾನು ಹೇಳುತ್ತಿರುವುದು ಬರವಣಿಗೆಯ ಮಾತು. ದಾನಶಾಸನದಲ್ಲಿ ಕ್ರಿಯಾಪದಕ್ಕೆ ಕರ್ತೃ ಇರುತ್ತಾನೆ, ಕರ್ಮಕ್ಕೆ ಗಡಿಯಿರುತ್ತದೆ. ಪ್ರೇಮಪತ್ರದಲ್ಲಿ ಎರಡೂ ಇರುವುದಿಲ್ಲ, ಇರಬಾರದು ಕೂಡ. ಲೆಕ್ಕ ಬರೆದಿಟ್ಟ ಪ್ರೇಮಪತ್ರವನ್ನು ಯಾರು ಓದುತ್ತಾರೆ?

ಹೋಲಿಕೆ ದೂರದ್ದಾಯಿತು ಅನ್ನುವವರು 2025ರ ಅಕ್ಟೋಬರ್ ನೆನಪಿಸಿಕೊಳ್ಳಲಿ. ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರಿನ ಎಐ ಕೇಂದ್ರ ಮಾಡುವುದಾಗಿ ಗೂಗಲ್ ಘೋಷಿಸಿದಾಗ, ನಮ್ಮ ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆ, ಅದಕ್ಕಾಗಿ ಆಂಧ್ರ 22,000 ಕೋಟಿ ರೂಪಾಯಿಯ ರಿಯಾಯಿತಿ ಕೊಟ್ಟಿದೆ ಎಂದರು. ಆಂಧ್ರದ ಸಚಿವ ನಾರಾ ಲೋಕೇಶ್ ಕೊಟ್ಟ ಉತ್ತರಗಳಲ್ಲಿ ಒಂದು, ಆಂಧ್ರದ ಊಟದ ಖಾರ ನೆರೆಯವರಿಗೆ ಉರಿ ತರಿಸುತ್ತಿದೆ ಎಂಬರ್ಥದ ಚಟಾಕಿ. ಚಟಾಕಿ ಹರಡಿದಷ್ಟು ವೇಗವಾಗಿ ಲೆಕ್ಕ ಹರಡಲಿಲ್ಲ. ನೀರಿನ ದರದಲ್ಲಿ ಎಷ್ಟು ಬಿಟ್ಟದ್ದು, ಕರೆಂಟಿನಲ್ಲಿ ಎಷ್ಟು, ಜಿಎಸ್‌ಟಿಯಲ್ಲಿ ಎಷ್ಟು ಎಂಬುದೇ ಆ ಜಗಳದ ಹೂರಣ. ನಮಗೆ ಉಳಿದದ್ದು ಮೆಣಸಿನಕಾಯಿ. ಯುವ ಬರಹಗಾರರು ಸರ್ಕಾರಿ ಆದೇಶಗಳನ್ನು ಓದುವ ಅಭ್ಯಾಸ ಮಾಡಿಕೊಂಡರೆ ನಮ್ಮ ಗದ್ಯಕ್ಕೇ ಒಳ್ಳೆಯದು ಅಂತ ನನ್ನ ಹಳೆಯ ಹಠ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕ್ವೀನ್ಸ್‌ನ ಕತೆ ಬೇಗ ಮುಗಿಯಿತು. ಮೂಗಿನಡಿಯಲ್ಲಿ ಕ್ವೀನ್ಸ್‌ಬ್ರಿಜ್ ಎಂಬ, ಅಮೆರಿಕದಲ್ಲೇ ದೊಡ್ಡದಾದ ಸಾರ್ವಜನಿಕ ವಸತಿ ಸಮುಚ್ಚಯವಿದ್ದ ಜಾಗ ಅದು. ಅಲ್ಲಿ ಬಾಡಿಗೆ ಏರೀತೆಂದು ಹೆದರಿದವರೂ ಇದ್ದರು, ಮಕ್ಕಳಿಗೆ ಕೆಲಸ ಸಿಕ್ಕೀತೆಂದು ಕಾದವರೂ ಇದ್ದರು. ಈ ಎರಡನೆಯವರ ದನಿ ವಿರೋಧಿಗಳ ಬರಹಗಳಲ್ಲಿ ತೀರಾ ಕಡಿಮೆ, ಅದು ಆ ಬರಹಗಳ ದೊಡ್ಡ ಕೊರತೆ. 2019ರ ಜನವರಿಯ ವಿಚಾರಣೆಯಲ್ಲಿ, ನೌಕರರು ಸಂಘ ಕಟ್ಟಹೊರಟರೆ ತಟಸ್ಥರಾಗಿರುತ್ತೀರಾ ಎಂದು ಕೇಳಿದಾಗ ಕಂಪನಿಯ ಪ್ರತಿನಿಧಿ ಇಲ್ಲ ಎಂದರು. ಯೋಜನೆಯನ್ನು ತಡೆಯಬಲ್ಲ ರಾಜ್ಯದ ಮಂಡಳಿಯೊಂದಕ್ಕೆ ಅದರ ಕಡು ವಿರೋಧಿ ಸೆನೆಟರ್ ಮೈಕೆಲ್ ಜಿಯಾನಾರಿಸ್ ಅವರ ಹೆಸರು ಸೂಚಿತವಾಯಿತು. ಫೆಬ್ರವರಿ 14ರಂದು, ಅಂದರೆ ಪ್ರೇಮಿಗಳ ದಿನವೇ, ಕಂಪನಿ ಕೈಬಿಟ್ಟಿತು. ನ್ಯೂಯಾರ್ಕಿನ 70 ಶೇಕಡಾ ಜನ ನಮ್ಮ ಪರ, ಕೆಲವು ರಾಜಕಾರಣಿಗಳು ವಿರುದ್ಧ ಎಂದು ಅದರ ಹೇಳಿಕೆ ದೂರಿತು. ಅದೇ ಡಿಸೆಂಬರಿನಲ್ಲಿ ಅದು ಮ್ಯಾನ್‌ಹಟನ್‌ನಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಸಾಕಾಗುವ ಕಚೇರಿಯನ್ನು ಬಾಡಿಗೆಗೆ ಹಿಡಿಯಿತು, ವಿಶೇಷ ರಿಯಾಯಿತಿ ಇಲ್ಲದೆ. ಮರುವರ್ಷ ಫಿಫ್ತ್ ಅವೆನ್ಯೂದ ಹಳೆಯ ಲಾರ್ಡ್ ಅಂಡ್ ಟೇಲರ್ ಕಟ್ಟಡವನ್ನೂ ಕೊಂಡಿತು. ಗೆದ್ದೆವು ಎಂದು ವಿರೋಧಿಗಳು ಹೇಳಿಕೊಂಡರು. 1,500 ಮತ್ತು 25,000 ಒಂದೇ ಅಲ್ಲ ಎಂಬುದನ್ನು ಅವರೂ ಬರೆಯಬೇಕಿತ್ತು.

ವರ್ಜೀನಿಯಾದ ಒಪ್ಪಂದದಲ್ಲಿ ಶಾಸನದ ಒಂದು ಗುಣವೂ ಪ್ರೇಮಪತ್ರದ ಒಂದು ದೋಷವೂ ಇವೆ. ಅದರ ಬಗ್ಗೆ ಯಾರಾದರೂ ಮಾಹಿತಿ ಕೇಳಿದರೆ ಕಂಪನಿಗೆ ಮೊದಲೇ ತಿಳಿಸಬೇಕೆಂಬ ಷರತ್ತು ದೋಷದ ಕಡೆಯದು. ಇನ್ನೊಂದು ಕಡೆ, ರಾಜ್ಯ ಹಣ ಕೊಡುವುದು ಕೆಲಸಗಳು ನಿಜವಾಗಿ ಹುಟ್ಟಿದ ಮೇಲೆ, ಒಂದಕ್ಕೆ ಸುಮಾರು 22,000 ಡಾಲರಿನಂತೆ ಎಣಿಸಿ. ನ್ಯೂಯಾರ್ಕಿನ ರಾಜ್ಯದ ಪಾಲಿನಲ್ಲಿ ಅದು 61,000 ಆಗುತ್ತಿತ್ತು. ಆರ್ಲಿಂಗ್ಟನ್‌ನ ಮೊದಲ ಕಟ್ಟಡಗಳು 2023ರ ಜೂನ್‌ನಲ್ಲಿ ತೆರೆದವು. ಪೆನ್‌ಪ್ಲೇಸ್ ಎಂಬ ಎರಡನೆಯ ಹಂತದ ಕೆಲಸವನ್ನು ಆ ವರ್ಷದ ಮಾರ್ಚ್‌ನಲ್ಲೇ ಕಂಪನಿ ಮುಂದೂಡಿತ್ತು. ಮುಂದೂಡಿದ ಕಟ್ಟಡದಲ್ಲಿ ಕೂರಬೇಕಿದ್ದವರ ಲೆಕ್ಕಕ್ಕೆ ವರ್ಜೀನಿಯಾ ಏನೂ ಕೊಡಬೇಕಾಗಿರಲಿಲ್ಲ.