ತಿದ್ದಲು ಬರುವ ನಕ್ಷೆ

ಮೇಜಿನ ಮೇಲೆ ಕೂರುವ ತ್ರೀಡಿ ಪ್ರಿಂಟರ್ ಈಗ ಅಪರೂಪದ ವಸ್ತುವಲ್ಲ. ಅದನ್ನು ಮನೆಯಲ್ಲೇ ಕಟ್ಟಬಹುದೆಂಬ ಧೈರ್ಯ ತುಂಬಿದ್ದು ರೆಪ್‌ರ‍್ಯಾಪ್ ಯೋಜನೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ಇದನ್ನು ಶುರುಮಾಡಿದರು. 2008ರಲ್ಲಿ ಇದರ ಮೊದಲ ಯಂತ್ರ ‘ಡಾರ್ವಿನ್’ ತನ್ನ ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಾನೇ ಮುದ್ರಿಸಿತು, ಅವುಗಳಿಂದ ಇನ್ನೊಂದು ಯಂತ್ರ ಎದ್ದುನಿಂತಿತು. ನಕ್ಷೆ, ತಂತ್ರಾಂಶ ಎರಡೂ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದು: ಮಾಡಿಕೊಳ್ಳಿ, ತಿದ್ದಿ, ಬೇಕಾದರೆ ಮಾರಿ, ತಿದ್ದಿದ್ದನ್ನು ಹಂಚುವಾಗ ಮಾತ್ರ ಇದೇ ಷರತ್ತಿನಲ್ಲಿ ಹಂಚಿ.

ಈ ಪದ್ಧತಿಯನ್ನು ಗೌರಿಬಿದನೂರು, ನಗರಗೆರೆ ಕಡೆಯ ಲೇತು, ವೆಲ್ಡಿಂಗ್ ಅಂಗಡಿಗಳಿಗೆ ಎಷ್ಟು ದಕ್ಕುತ್ತದೆ ಎಂಬ ಅಳತೆಯಿಂದ ತೂಗಬೇಕು ಅನ್ನುವುದು ನನ್ನ ಪಟ್ಟು. ಆ ಅಳತೆಗೆ ರೆಪ್‌ರ‍್ಯಾಪ್‌ನ ಎರಡನೇ ಯಂತ್ರ ‘ಮೆಂಡೆಲ್’ ಚೆನ್ನಾಗಿ ನಿಲ್ಲುತ್ತದೆ. ಅದರ ಚೌಕಟ್ಟು ಎಂ8 ಥ್ರೆಡ್ ರಾಡು, ನಟ್ಟು, ವಾಷರ್‌ಗಳದ್ದು. ಇದೇ ಕುಟುಂಬದ ಯಂತ್ರಗಳಲ್ಲಿ ಬೆಲ್ಟು ತಿರುಗಲು ಹಾಕುವುದು 608 ಬೇರಿಂಗ್, ಅಂದರೆ ಸ್ಕೇಟಿಂಗ್ ಚಕ್ರದೊಳಗೆ ಇರುವಂಥದ್ದೇ. ಹೊರಗೆ 22 ಮಿಲಿಮೀಟರ್, ಒಳತೂತು 8. ಎಂ8 ರಾಡು ಅದರಲ್ಲಿ ಸರಿಯಾಗಿ ಕೂರುತ್ತದೆ. ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ಯೋಚಿಸಿ ವಿನ್ಯಾಸ ಮಾಡಿದವರು ಅರ್ಧ ಹಂಚಿಕೆಯನ್ನು ಅಲ್ಲೇ ಮುಗಿಸಿರುತ್ತಾರೆ.

ಉಳಿದರ್ಧ ಕಡತದಲ್ಲಿದೆ. ಹೆಚ್ಚಿನವರು ‘ಮುಕ್ತ’ ಎಂದು ಹೇಳಿ ಕೊಡುವುದು ಎಸ್‌ಟಿಎಲ್ ಕಡತ. ಅದರಲ್ಲಿರುವುದು ವಸ್ತುವಿನ ಹೊರಮೈ ಮಾತ್ರ, ಸಾವಿರಾರು ತ್ರಿಕೋನಗಳಾಗಿ. ತೂತು ಎಷ್ಟು ಅಗಲ, ಯಾಕೆ ಅಷ್ಟು ಅಗಲ ಎಂಬುದು ಅದರಲ್ಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದ ತೂತು ಸಾಮಾನ್ಯವಾಗಿ ಕೊಂಚ ಕಿರಿದಾಗಿ ಬರುತ್ತದೆ. 8 ಮಿಲಿಮೀಟರ್ ರಾಡು ಹೊಗುವುದಿಲ್ಲ. ಎಸ್‌ಟಿಎಲ್ ಒಂದೇ ಇದ್ದರೆ ಡ್ರಿಲ್ ಹಾಕಿ ಕೊರೆಯಬೇಕು, ಇಲ್ಲವೇ ಭಾಗವನ್ನೇ ಹೊಸದಾಗಿ ಬರೆಯಬೇಕು. ಇದೇ ಬಳಗದ ಜೋಸೆಫ್ ಪ್ರೂಶಾ ತಮ್ಮ ಮೆಂಡೆಲ್ ರೂಪವನ್ನು ಓಪನ್‌ಸ್ಕ್ಯಾಡ್‌ ತಂತ್ರಾಂಶದಲ್ಲಿ ಬರೆದು ಕೊಟ್ಟರು. ಅಲ್ಲಿ ರಾಡಿನ ವ್ಯಾಸ ಒಂದು ಸಾಲಿನ ಅಂಕಿ. ಆ ಅಂಕಿ ತಿದ್ದಿದರೆ ಅದನ್ನು ನೆಚ್ಚಿದ ಅಳತೆಗಳೆಲ್ಲ ಹೊಂದಿಕೊಳ್ಳುತ್ತವೆ. ನಾನು ಹಂಚಿಕೆ ಎಂದು ಒಪ್ಪುವುದು ಇದನ್ನು. ಎಸ್‌ಟಿಎಲ್ ಕೊಟ್ಟು ಕೈತೊಳೆದುಕೊಳ್ಳುವುದು ಊಟ ಬಡಿಸಿ ಅಡುಗೆ ಮಾಡುವ ಬಗೆ ಮುಚ್ಚಿಟ್ಟ ಹಾಗೆ.

ಪರವಾನಗಿಯ ಶಕ್ತಿಯ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಕರಗಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಹಾಕುವ ವಿಧಾನದ ಮೂಲ ಪೇಟೆಂಟ್ ಸ್ಟ್ರಾಟಸಿಸ್ ಕಂಪನಿಯ ಸ್ಕಾಟ್ ಕ್ರಂಪ್ ಅವರದು. ಅದರ ಅವಧಿ 2009ರಲ್ಲಿ ಮುಗಿಯಿತು. ಅದೇ ವರ್ಷ, ರೆಪ್‌ರ‍್ಯಾಪ್ ಬಳಗದಿಂದ ಬಂದವರೂ ಸೇರಿ ಮೇಕರ್‌ಬಾಟ್ ಕಂಪನಿ ಕಟ್ಟಿದರು. ಮೊದಲ ಯಂತ್ರಗಳ ನಕ್ಷೆ ಎಲ್ಲರಿಗೂ ತೆರೆದಿತ್ತು. 2012ರ ರೆಪ್ಲಿಕೇಟರ್ 2ರ ಹೊತ್ತಿಗೆ ಬಾಗಿಲು ಮುಚ್ಚಿತು. 2013ರಲ್ಲಿ ಸ್ಟ್ರಾಟಸಿಸ್ ಆ ಕಂಪನಿಯನ್ನೇ ಕೊಂಡಿತು. ಮೇಕರ್‌ಬಾಟ್ ಕಾನೂನು ಮುರಿಯಿತು ಎಂದು ನಾನು ಹೇಳುತ್ತಿಲ್ಲ. ಸಾವಿರಾರು ಜನ ಪುಕ್ಕಟೆಯಾಗಿ ಕೊಟ್ಟ ತಿಳಿವಳಿಕೆಯ ಮೇಲೆ ನಿಂತು ಹಿಂದಕ್ಕೆ ಕೊಡುವುದನ್ನು ನಿಲ್ಲಿಸಿದ್ದು ನನಗೆ ಈಗಲೂ ಸಂಕಟದ ವಿಷಯ. ಕೊನೆಗೆ ಪ್ರೂಶಾ ಅವರೂ, ನಕಲು ಮಾಡುವವರು ಏನನ್ನೂ ವಾಪಸು ಕೊಡುತ್ತಿಲ್ಲವೆಂದು ಬೇಸತ್ತು, ತಮ್ಮ 2023ರ ಎಂಕೆ4 ಯಂತ್ರದ ಎಲೆಕ್ಟ್ರಾನಿಕ್ಸ್ ನಕ್ಷೆಯನ್ನು ತಕ್ಷಣ ಹೊರಬಿಡಲಿಲ್ಲ.

ಪಡೆದವರು ಹಿಂದಕ್ಕೆ ಕೊಡುವಂತೆ ಮಾಡುವುದು ಹೇಗೆಂಬ ಪ್ರಶ್ನೆಯನ್ನು ಬೆಂಗಳೂರು ಇನ್ನೂ ಮೊದಲೇ ಎದುರಿಸಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮೊದಲಾದವರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ರೂಪಿಸಿದ ಕೈಗಣಕ ಸಿಂಪ್ಯೂಟರ್, 2001ರಲ್ಲಿ ಜನರ ಮುಂದೆ ಬಂದಾಗ ತನ್ನದೇ ಯಂತ್ರಾಂಶ ಪರವಾನಗಿಯನ್ನು ಹೊತ್ತಿತ್ತು. ತಿದ್ದುಪಡಿ ಮಾಡಿದವನು ಮಾರುಕಟ್ಟೆಗೆ ಬಂದು ಒಂದು ವರ್ಷ ಲಾಭ ಪಡೆಯಲಿ, ಆಮೇಲೆ ಅದನ್ನು ಸಿಂಪ್ಯೂಟರ್ ಟ್ರಸ್ಟಿಗೆ ಒಪ್ಪಿಸಲಿ ಎಂಬ ಷರತ್ತು ನನಗೆ ಬಹಳ ಹಿಡಿಸುತ್ತದೆ. ಸಾಲ ಮಾಡಿ ಅಚ್ಚು ಹೊಡೆಸಿದ ಸಣ್ಣ ತಯಾರಕನ ಹೊಟ್ಟೆಪಾಡನ್ನು ಅದು ಮರೆತಿಲ್ಲ. ಆದರೆ ತಯಾರಿಸುವವರು ಒಂದೇ ಬಾರಿಗೆ ಕಟ್ಟಬೇಕಾದ ಶುಲ್ಕವನ್ನೂ ಅದು ಇಟ್ಟಿತು. ಬಡ ದೇಶದವರಿಗೆ ರಿಯಾಯಿತಿ ಇದ್ದರೂ, ಶೆಡ್ಡಿನಲ್ಲಿ ಕೂತು ಪ್ರಯೋಗ ಮಾಡುವವನು ಹೊಸ್ತಿಲಲ್ಲೇ ಉಳಿದ. ಸಿಂಪ್ಯೂಟರ್ ಸೋತದ್ದಕ್ಕೆ ಬೇರೆ ಕಾರಣಗಳೂ ಇವೆ. ಒಂದು ವರ್ಷದ ಆ ಷರತ್ತು ಹೆಚ್ಚು ಜನರ ಗಮನಕ್ಕೆ ಬಾರದೆ ಹೋಗಿದ್ದರೆ ಅದು ಮಾತ್ರ ನಷ್ಟವೇ.

ಪರವಾನಗಿಯೇ ಇಲ್ಲದ ಹಂಚಿಕೆಯೂ ಉಂಟು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಚರಕ, ಕಾಟೇಜ್ ಬೇಸಿನ್‌ಗಳಿವೆ. ಇಂಥ ಯಂತ್ರ ಕಣ್ಣಳತೆಯಲ್ಲೇ ಹರಡಬಲ್ಲದು: ಒಬ್ಬರ ಘಟಕದಲ್ಲಿ ನೋಡಿ ಇನ್ನೊಬ್ಬರು ಮಾಡಿಸಿಕೊಳ್ಳುತ್ತಾರೆ, ಯಾರೂ ಯಾರನ್ನೂ ತಡೆಯಬೇಕಿಲ್ಲ. ಈ ಔದಾರ್ಯ ನಿಜವಾದದ್ದು. ಆದರೆ ಹೀಗೆ ಬಂದ ಯಂತ್ರಕ್ಕೆ ಅಳತೆಯ ದಾಖಲೆ ಇರುವುದಿಲ್ಲ. ಯಾವ ಗೇರಿಗೆ ಎಷ್ಟು ಹಲ್ಲು, ಯಾಕೆ ಅಷ್ಟು ಎಂಬುದು ಮೇಸ್ತ್ರಿಯ ತಲೆಯಲ್ಲೇ ಉಳಿದು, ಅವನ ಜೊತೆಗೇ ಹೋಗಬಹುದು.

ನಮ್ಮ ಕಾನೂನಿನ ಕಡೆಗೂ ಒಂದು ನೋಟ ಬೇಕು. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಮಾಲೀಕನೋ ಅವನ ಅನುಮತಿ ಪಡೆದವನೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನಂತೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಮುಗಿಯುತ್ತದೆ. ಕೃತಿಸ್ವಾಮ್ಯವನ್ನೇ ನಂಬಿದ ಪರವಾನಗಿಯ ಹಿಡಿತ ಅಲ್ಲಿ ಸಡಿಲ. ಹಾಗಾಗಿ ನಕ್ಷೆಯನ್ನು ದಿನಾಂಕ ಹಾಕಿ ಬಹಿರಂಗಪಡಿಸುವುದೇ ದೊಡ್ಡ ರಕ್ಷಣೆ. ಮೊದಲೇ ಪ್ರಕಟವಾದದ್ದಕ್ಕೆ ಮುಂದೆ ಬೇರೊಬ್ಬರು ಪೇಟೆಂಟ್ ಕೇಳಿದರೆ, ಮಂಜೂರಾಗುವ ಮುನ್ನ ಯಾರು ಬೇಕಾದರೂ ಆ ದಾಖಲೆ ಹಿಡಿದು ಆಕ್ಷೇಪಿಸಬಹುದು.

ಪರವಾನಗಿ ಆರಿಸಲೇಬೇಕಾದರೆ ನನ್ನ ಮತ ಸರ್ನ್ ಪ್ರಯೋಗಾಲಯದ ಓಪನ್ ಹಾರ್ಡ್‌ವೇರ್ ಪರವಾನಗಿಗೆ, 2020ರ ಎರಡನೇ ಆವೃತ್ತಿಯ ‘ಎಸ್’ ರೂಪಕ್ಕೆ. ಜಿಪಿಎಲ್ ಹುಟ್ಟಿದ್ದು ತಂತ್ರಾಂಶಕ್ಕಾಗಿ. ಯಂತ್ರ ಕೊಂಡವನಿಗೆ ನಕ್ಷೆ ಕೇಳುವ ಹಕ್ಕಿದೆಯೇ ಎಂಬುದು ಅದರಲ್ಲಿ ಮಸುಕು. ಸರ್ನ್ ಪರವಾನಗಿ ಅದನ್ನು ಬಿಡಿಸಿ ಹೇಳುತ್ತದೆ: ಯಂತ್ರ ಪಡೆದವನಿಗೆ ಪೂರ್ಣ ಮೂಲಕಡತ ಸಿಗಬೇಕು. ಪೇಟೆಯಲ್ಲಿ ಸಿಗುವ ಬೇರಿಂಗ್, ಮೋಟರುಗಳ ನಕ್ಷೆ ಬೇಕಿಲ್ಲ. ಸಿಗದ ಭಾಗಗಳದ್ದು ಬೇಕೇ ಬೇಕು. ಮೂಲಕಡತ ಎಲ್ಲಿದೆ ಎಂಬ ವಿಳಾಸವನ್ನು ಯಂತ್ರದ ಮೇಲೆ ತೋರಿಸಬೇಕೆಂದು ಮೂಲಕಡತದ ಸೂಚನೆಯಲ್ಲಿ ಬರೆದಿದ್ದರೆ ತಯಾರಿಸುವವರು ಹಾಗೆಯೇ ತೋರಿಸಬೇಕು. ನಗರಗೆರೆಯ ಶೆಡ್ಡಿನಿಂದ ಇಂಥ ಯಂತ್ರವೊಂದು ಹೊರಬಿದ್ದರೆ, ಆ ವಿಳಾಸ ಚೌಕಟ್ಟಿನ ನೇಮ್‌ಪ್ಲೇಟಿನಲ್ಲೇ ಇರಲಿ, ಜೋಡಣೆಯ ಕೈಪಿಡಿ ಕನ್ನಡದಲ್ಲಿರಲಿ.