ದಟ್–ವಿಚ್ ಕಟ್ಟಳೆ: ಅರ್ಧ ವ್ಯಾಕರಣ, ಅರ್ಧ ಅಭಿರುಚಿ

ಇಂಗ್ಲಿಷ್ ಬರವಣಿಗೆಯ ಕೈಪಿಡಿಗಳಲ್ಲಿ, ಅದರಲ್ಲೂ ಅಮೆರಿಕದವುಗಳಲ್ಲಿ, ಒಂದು ಕಟ್ಟಳೆ ಮತ್ತೆ ಮತ್ತೆ ಎದುರಾಗುತ್ತದೆ: ಇಂಥದ್ದೇ ಎಂದು ಗುರುತಿಸುವ ಉಪವಾಕ್ಯಕ್ಕೆ 'ದಟ್', ಬಿಟ್ಟರೂ ನಡೆಯುವ ಹೆಚ್ಚುವರಿ ಮಾಹಿತಿಗೆ ಅಲ್ಪವಿರಾಮದೊಡನೆ 'ವಿಚ್'. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಇದರಲ್ಲಿ ಅರ್ಧ ಮಾತ್ರ ವ್ಯಾಕರಣ, ಉಳಿದರ್ಧ ಕೆಲವರ ಅಭಿರುಚಿ.

ಹೆಚ್ಚುವರಿ ಮಾಹಿತಿಯ ಉಪವಾಕ್ಯದಲ್ಲಿ 'ದಟ್' ಇಂದಿನ ಇಂಗ್ಲಿಷಿಗೆ ಒಗ್ಗುವುದಿಲ್ಲ, ನಿಜ. ಗುರುತಿಸುವಲ್ಲಿ 'ವಿಚ್' ಬರಕೂಡದು ಎಂಬುದಕ್ಕೆ ಮಾತ್ರ ಬಳಕೆಯ ಬೆಂಬಲವಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಅದು ಧಾರಾಳವಾಗಿದೆ. ಅಲ್ಲಿ ದೇವರಿಗೂ 'ವಿಚ್' ಸಲ್ಲುತ್ತದೆ. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ರೂಸ್‌ವೆಲ್ಟ್ ಮಾಡಿದ ಭಾಷಣದ ಹೆಸರಾಂತ ಮೊದಲ ವಾಕ್ಯದಲ್ಲೂ ಅಂಥದೇ 'ವಿಚ್' ಇದೆ.

ಈ ವಿಂಗಡಣೆಯನ್ನು ಎತ್ತಿ ಹಿಡಿದ ಎಚ್. ಡಬ್ಲ್ಯೂ. ಫೌಲರ್ ತಮ್ಮ 1926ರ ಬಳಕೆ ನಿಘಂಟಿನಲ್ಲಿ ಅದನ್ನು ಸಲಹೆಯಾಗಿಯೇ ಮುಂದಿಟ್ಟಿದ್ದರು. ಒಳ್ಳೆಯ ಲೇಖಕರ ರೂಢಿ ಹಾಗಿಲ್ಲವೆಂದು ತಾವೇ ಒಪ್ಪಿದ್ದರು. ಸ್ಟ್ರಂಕ್ ಅವರ 'ದಿ ಎಲಿಮೆಂಟ್ಸ್ ಆಫ್ ಸ್ಟೈಲ್' ಪುಸ್ತಕವನ್ನು 1959ರಲ್ಲಿ ಪರಿಷ್ಕರಿಸಿದ ಇ. ಬಿ. ವೈಟ್, ಇಂಥ 'ವಿಚ್'ಗಳನ್ನು ಬೇಟೆಯಾಡುವುದೇ ಎಚ್ಚರದ ಬರಹ ಎಂದರು. ಮುಂದೆ ಸಂಪಾದಕರ ಕೈಯಲ್ಲೂ ಕಂಪ್ಯೂಟರಿನ ವ್ಯಾಕರಣ ಪರೀಕ್ಷಕದಲ್ಲೂ ಸಲಹೆ ಕಾನೂನಾಯಿತು.

ಎರಡು ಅರ್ಥಕ್ಕೆ ಎರಡು ಪದ ಇದ್ದರೆ ಗೊಂದಲವಿಲ್ಲ ಎಂಬುದು ಇದರ ಪರವಾದ ವಾದ. 'ಹೂ' ಆ ವಾದವನ್ನು ಸುಳ್ಳಾಗಿಸುತ್ತದೆ. 'ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು' ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ಹಲವು ಸಹೋದರರಲ್ಲಿ ಮೈಸೂರಿನವನು. 'ಬ್ರದರ್' ಆದಮೇಲೆ ವಿರಾಮ ಹಾಕಿದರೆ, ಇರುವವನೊಬ್ಬ, ಅವನ ವಾಸ ಮೈಸೂರು. ಪದ ಬದಲಾಗಲಿಲ್ಲ, ಅರ್ಥ ಬದಲಾಯಿತು. ಮನುಷ್ಯರ ವಿಷಯದಲ್ಲಿ ವಿರಾಮವೊಂದೇ ಸಾಕಾದರೆ ವಸ್ತುಗಳಿಗೇಕೆ ಸಾಲದು? ಮೇಲಾಗಿ 'ದಿ ಹೌಸ್ ಇನ್ ವಿಚ್' ಎನ್ನುವಲ್ಲಿ 'ದಟ್' ಕೂರುವುದೇ ಇಲ್ಲ. ಕಟ್ಟಳೆಯೇ ಅಲ್ಲಿ ಕೈಚೆಲ್ಲುತ್ತದೆ.

ಮನುಷ್ಯರಿಗೆ 'ದಟ್' ಬಳಸುವುದು ಅಗೌರವ ಎಂಬ ಮಾತೂ ಅಷ್ಟೇ ಪೊಳ್ಳು. ಮಾರ್ಕ್ ಟ್ವೇನ್ 1899ರ ತನ್ನ ಕಥೆಗೆ 'ದಿ ಮ್ಯಾನ್ ದಟ್ ಕರಪ್ಟೆಡ್ ಹ್ಯಾಡ್ಲಿಬರ್ಗ್' ಎಂದೇ ಹೆಸರಿಟ್ಟ.

ಕನ್ನಡದಲ್ಲಿ 'ಮೈಸೂರಿನಲ್ಲಿರುವ ನನ್ನ ತಮ್ಮ' ಎಂದರೆ ಎರಡೂ ಅರ್ಥ ಆದೀತು. ಯಾವುದೆಂದು ಸಂದರ್ಭ ಹೇಳುತ್ತದೆ. ಹಾಗಾಗಿ ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೊಸದಾಗಿ ರೂಢಿಯಾಗಬೇಕಾದದ್ದು ಆ ಅಲ್ಪವಿರಾಮ. ಮೇಷ್ಟ್ರುಗಳು ಮೊದಲು ಅದನ್ನು ಕಲಿಸಲಿ. ವಿರಾಮ ಸರಿಯಿದ್ದ ವಾಕ್ಯದಲ್ಲಿ 'ವಿಚ್' ಕಂಡದ್ದಕ್ಕೇ ಕೆಂಪು ಗೀಟು ಎಳೆಯುವುದು ಬೇಡ.